ಬಳಕೆ ಬೇರೆ, ಬಲ ಬೇರೆ: ಪೋಕೆಮಾನ್ ಕಣದ ಕಡೆಗಣಿತ ಜೀವಿಗಳ ಪರೀಕ್ಷೆ

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ‘ಪೋಕೆಮಾನ್ ರೆಡ್’ ಮತ್ತು ‘ಪೋಕೆಮಾನ್ ಗ್ರೀನ್’ ಆಟಗಳು ಹೊರಬಂದಾಗ ಅವುಗಳಲ್ಲಿದ್ದ ಜೀವಿಗಳು 151. ಒಂಬತ್ತನೇ ತಲೆಮಾರಿನ ಆಟಗಳ ಹೊತ್ತಿಗೆ ಆ ಸಂಖ್ಯೆ 1,025 ಮುಟ್ಟಿದೆ. 2019ರಿಂದೀಚೆಗೆ ಎಲ್ಲ ಜೀವಿಗಳೂ ಎಲ್ಲ ಆಟಗಳಲ್ಲಿ ಇರುವುದಿಲ್ಲ. ಹಾಗಿದ್ದರೂ ಒಬ್ಬ ಆಟಗಾರನ ಮುಂದೆ ಆಯ್ಕೆಗೆ ನೂರಾರು ಜೀವಿಗಳಿರುತ್ತವೆ. ಆದರೆ ಗಂಭೀರ ಸ್ಪರ್ಧೆಯ ಕಣಕ್ಕೆ ಇಳಿದರೆ ಮತ್ತೆ ಮತ್ತೆ ಎದುರಾಗುವವು ನಲವತ್ತು ಐವತ್ತರ ಆಸುಪಾಸು. ಉಳಿದವುಗಳನ್ನು ಕೇಳುವವರೇ ವಿರಳ.

ಈ ಕಡೆಗಣನೆ ನ್ಯಾಯವೇ? ಆಡಿ ನೋಡಿ ತಳ್ಳಿದ್ದೇ, ಆಡದೆಯೇ ತಳ್ಳಿದ್ದೇ? ಕಾಲು ಶತಮಾನದಿಂದ ಸ್ಪರ್ಧಾತ್ಮಕ ಪೋಕೆಮಾನ್ ಸಮುದಾಯ ಈ ಪ್ರಶ್ನೆಯನ್ನು ಬಗೆಬಗೆಯಾಗಿ ಕೇಳಿಕೊಂಡಿದೆ. ಉತ್ತರ ಹುಡುಕಲು ತನ್ನದೇ ವಿಧಾನಗಳನ್ನು ಕಟ್ಟಿಕೊಂಡಿದೆ, ಕೆಲವೊಮ್ಮೆ ಆ ವಿಧಾನಗಳೇ ಅದರ ದಾರಿ ತಪ್ಪಿಸಿವೆ. ಆ ವಿಧಾನಗಳು, ಅವುಗಳ ಫಲ, ಅವುಗಳ ಮಿತಿ ಈ ಲೇಖನದ ವಸ್ತು.

2000ದ ದಶಕದಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪಿಕಾಚುವನ್ನು ನೋಡಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಅನೇಕರಿಗೆ ಆಟದ ಸ್ಪರ್ಧಾತ್ಮಕ ಮುಖದ ಪರಿಚಯ ಕಡಿಮೆ. ಹಾಗಾಗಿ ಮೊದಲು ಆಟದ ಚೌಕಟ್ಟು ಹೇಳಬೇಕು. ಇಬ್ಬರು ಆಟಗಾರರು, ಒಬ್ಬೊಬ್ಬರ ಬಳಿ ಆರು ಜೀವಿಗಳ ತಂಡ. ಪ್ರತಿ ಜೀವಿಗೂ ನಾಲ್ಕು ಪಟ್ಟುಗಳು, ಅಂದರೆ ಮೂವ್‌ಗಳು. ಎಬಿಲಿಟಿ ಎಂಬ ಒಂದು ಹುಟ್ಟುಗುಣ. ಕೈಯಲ್ಲಿ ಹಿಡಿಯಲು ಒಂದು ಐಟಂ. ಪ್ರತಿ ಸರದಿಯಲ್ಲೂ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದು ಆಯ್ಕೆ ಮಾಡುತ್ತಾರೆ, ಬಳಿಕ ಎರಡೂ ಸಾಮಾನ್ಯವಾಗಿ ಜೀವಿಗಳ ವೇಗದ ಕ್ರಮದಲ್ಲಿ ಜಾರಿಯಾಗುತ್ತವೆ. ಬೆಂಕಿ, ನೀರು, ಹುಲ್ಲು, ವಿದ್ಯುತ್ತು ಎಂದು ಈಗ 18 ಜಾತಿಗಳಿವೆ. ಯಾವ ಜಾತಿ ಯಾವುದಕ್ಕೆ ಭಾರಿ, ಯಾವುದಕ್ಕೆ ಹಗುರ ಎಂಬ ಕೋಷ್ಟಕ ಆಟದ ಬೆನ್ನೆಲುಬು. ಎಚ್‌ಪಿ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ ಎಂಬ ಆರು ಮೂಲಾಂಕಗಳು ಪ್ರತಿ ಜೀವಿಗೂ ಹುಟ್ಟಿನಿಂದ ಬಂದಿರುತ್ತವೆ. ಅವುಗಳ ಮೇಲೆ ಆಟಗಾರ ತನ್ನಿಷ್ಟದಂತೆ ಹಂಚಬಹುದಾದ ತರಬೇತಿ ಅಂಕಗಳು 510. ಒಂದೇ ಅಂಶಕ್ಕೆ 252ಕ್ಕಿಂತ ಹೆಚ್ಚು ಹಾಕುವಂತಿಲ್ಲ.

ಮೂಲಾಂಕಗಳ ಮೊತ್ತವನ್ನು ನೋಡಿಯೇ ಬಲಾಬಲ ತೀರ್ಮಾನಿಸುವುದು ಹೊಸಬರ ಮೊದಲ ಅಭ್ಯಾಸ. 600 ಮೊತ್ತದ ಗಾರ್ಚಾಂಪ್‌ನ ಪಕ್ಕದಲ್ಲಿ 405ರ ಪಚಿರಿಸು ನಿಂತರೆ ಪರೀಕ್ಷೆಯೇ ಬೇಡ ಎನಿಸುತ್ತದೆ. ಬೇಕೇ ಬೇಕು ಎಂದು ಈ ಸಮುದಾಯದ ಚರಿತ್ರೆ ಹೇಳುತ್ತದೆ.

ಬಳಕೆಯಿಂದ ಹುಟ್ಟಿದ ಶ್ರೇಣಿಗಳು

ಒಂದೊಂದೇ ಜೀವಿಯನ್ನು ಎದುರು ಬದುರು ಇಳಿಸಿ ಆಡುವ ಸಿಂಗಲ್ಸ್ ಆಟಕ್ಕೆ ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ಚೌಕಟ್ಟು ಸ್ಮೋಗನ್ ಸಮುದಾಯದ್ದು. 2004ರ ಕೊನೆಯಲ್ಲಿ ಆರಂಭವಾದ ಈ ಸಮುದಾಯ ಜೀವಿಗಳನ್ನು ಶ್ರೇಣಿಗಳಾಗಿ ವಿಂಗಡಿಸಿತು. ಅತಿಯಾಗಿ ಬಳಕೆಯಾಗುವವು ‘ಓವರ್‌ಯೂಸ್ಡ್’ ಅಥವಾ ಓಯು. ಅದರ ಕೆಳಗೆ ಯುಯು, ಆರ್‌ಯು, ಎನ್‌ಯು, ಪಿಯು, ಇನ್ನೂ ಕೆಳಗೆ ಝಡ್‌ಯು. ಆಟದ ಸಮತೋಲವನ್ನೇ ಕೆಡಿಸುವಷ್ಟು ಬಲವುಳ್ಳವು ಓಯುವಿಗೂ ಮೇಲಿನ ‘ಉಬರ್ಸ್’ಗೆ ಹೋಗುತ್ತವೆ. ಕೆಳಗಿನ ಶ್ರೇಣಿಯ ಜೀವಿ ಮೇಲಿನ ಶ್ರೇಣಿಯಲ್ಲಿ ಆಡಬಹುದು, ಮೇಲಿನದು ಕೆಳಗಿಳಿಯುವಂತಿಲ್ಲ.

ಉಬರ್ಸ್ ಬಿಟ್ಟರೆ ಈ ವಿಂಗಡಣೆಗೆ ಆಧಾರ ಯಾರ ಅಭಿಪ್ರಾಯವೂ ಅಲ್ಲ, ಎಣಿಕೆ. ಬ್ರೌಸರಿನಲ್ಲೇ ಉಚಿತವಾಗಿ ಆಡಬಹುದಾದ ‘ಪೋಕೆಮಾನ್ ಶೋಡೌನ್’ನಲ್ಲಿ ನಡೆಯುವ ಪಂದ್ಯಗಳ ಬಳಕೆಯ ಅಂಕಿಗಳು ತಿಂಗಳಿಗೊಮ್ಮೆ ಪ್ರಕಟವಾಗುತ್ತವೆ, ಮೇಲ್ಮಟ್ಟದ ಆಟಗಾರರ ಆಯ್ಕೆಗೆ ಹೆಚ್ಚು ತೂಕವಿರುತ್ತದೆ. ಓಯು ಸೇರಲು ಬೇಕಾದ ಬಳಕೆ ಹಿಂದೆ 3.41 ಪ್ರತಿಶತವಿತ್ತು, ನಂತರ 4.52 ಪ್ರತಿಶತಕ್ಕೆ ಏರಿತು. ಈ ವಿಚಿತ್ರ ಸಂಖ್ಯೆಗಳ ಹಿಂದೆ ಸರಳ ಗಣಿತವಿದೆ. 20 ಪಂದ್ಯ ಆಡಿದವನಿಗೆ ಒಂದು ಜೀವಿ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕರ್ಧ ಇರಬೇಕಾದರೆ ಅದರ ಬಳಕೆ 3.41 ಪ್ರತಿಶತ ಇರಬೇಕು. ಪಂದ್ಯಗಳ ಸಂಖ್ಯೆಯನ್ನು 15ಕ್ಕೆ ಇಳಿಸಿದರೆ ಅದೇ ಲೆಕ್ಕದಿಂದ 4.52 ಬರುತ್ತದೆ.

ಯಾರ ಮರ್ಜಿಗೂ ಒಳಗಾಗದ, ಎಲ್ಲರೂ ಪರಿಶೀಲಿಸಬಹುದಾದ ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಅಳೆಯುವುದು ಬಳಕೆಯನ್ನು. ಬಳಕೆಗೂ ಬಲಕ್ಕೂ ನಂಟಿದೆ, ಎರಡೂ ಒಂದೇ ಅಲ್ಲ. ಗೆಲ್ಲುವ ಆತುರದಲ್ಲಿರುವವನು ಗೆದ್ದ ತಂಡಗಳನ್ನು ನಕಲು ಮಾಡುತ್ತಾನೆ. ನಕಲಿನಿಂದ ಬಳಕೆ ಏರುತ್ತದೆ, ಏರಿದ ಬಳಕೆ ಇನ್ನಷ್ಟು ನಕಲಿಗೆ ಪ್ರೇರಣೆಯಾಗುತ್ತದೆ. ಇತ್ತ ಯಾರೂ ಮುಟ್ಟದ ಜೀವಿಯ ಬಗ್ಗೆ ದತ್ತಾಂಶವೇ ಹುಟ್ಟುವುದಿಲ್ಲ. ದತ್ತಾಂಶ ಇಲ್ಲವೆಂಬ ಕಾರಣಕ್ಕೆ ಅದನ್ನು ದುರ್ಬಲವೆನ್ನುವುದು, ಓವರೇ ಕೊಡದ ಬೌಲರ್‌ಗೆ ವಿಕೆಟ್ ಇಲ್ಲವೆಂದು ದೂರಿದಂತೆ.

ಸಮುದಾಯಕ್ಕೆ ಈ ಕೊರತೆಯ ಅರಿವಿದೆ. ಅದಕ್ಕಾಗಿಯೇ ಬಳಕೆಯ ಪಟ್ಟಿಯ ಪಕ್ಕದಲ್ಲಿ ಅನುಭವಿಗಳು ಚರ್ಚಿಸಿ ಕಟ್ಟುವ ‘ವಯಬಿಲಿಟಿ ರ‍್ಯಾಂಕಿಂಗ್’ ಎಂಬ ಇನ್ನೊಂದು ಪಟ್ಟಿಯೂ ಇರುತ್ತದೆ. ಅಲ್ಲಿ ಒಂದು ಜೀವಿ ಎಷ್ಟು ಸಲ ಬಂತು ಎಂಬುದಕ್ಕಿಂತ ಬಂದಾಗ ಏನು ಸಾಧಿಸಿತು ಎಂಬುದು ಮುಖ್ಯ. ಕೆಳಶ್ರೇಣಿಯ ಜೀವಿಯೊಂದು ಓಯುವಿನ ಈ ಪಟ್ಟಿಯಲ್ಲಿ ಜಾಗ ಪಡೆಯುವುದು ಅಪರೂಪವೇನಲ್ಲ.

ಏಕೆ ಮೂಲೆಗೆ ಸರಿಯುತ್ತವೆ

ಕಡೆಗಣನೆಗೆ ಕಾರಣ ಒಂದೇ ಅಲ್ಲ. ಕಾರಣ ಗುರುತಿಸದೆ ಪರೀಕ್ಷೆಗೆ ಇಳಿದರೆ ಸಮಯ ವ್ಯರ್ಥ.

ಮೊದಲನೆಯದು ನಿಯಮ. 2006ರ ನಾಲ್ಕನೇ ತಲೆಮಾರಿಗೆ ಮುಂಚೆ ಒಂದು ಮೂವ್ ದೈಹಿಕ ದಾಳಿಯೋ ವಿಶೇಷ ದಾಳಿಯೋ ಎಂಬುದನ್ನು ಅದರ ಜಾತಿ ನಿರ್ಧರಿಸುತ್ತಿತ್ತು. ಬೆಂಕಿಯ ಮೂವ್‌ಗಳೆಲ್ಲ ವಿಶೇಷ ದಾಳಿ. ಹೀಗಾಗಿ 130 ದಾಳಿ ಮೂಲಾಂಕವಿದ್ದ ಬೆಂಕಿಯ ಜೀವಿ ಫ್ಲೇರಿಯಾನ್ ತನ್ನ ಜಾತಿಯ ಮೂವ್‌ಗಳಿಗೆ ಆ ಬಲವನ್ನು ಬಳಸಲಾಗದೆ ಉಳಿಯಿತು. ನಾಲ್ಕನೇ ತಲೆಮಾರಿನಲ್ಲಿ ಪ್ರತಿ ಮೂವ್‌ಗೂ ಬೇರೆ ಬೇರೆಯಾಗಿ ದೈಹಿಕ ಅಥವಾ ವಿಶೇಷ ಎಂಬ ಗುರುತು ಸಿಕ್ಕಿದಾಗ ಎಷ್ಟೋ ಜೀವಿಗಳ ಹಣೆಬರಹ ಬದಲಾಯಿತು. ನೀರಿನ ಜಾತಿಯ ಗ್ಯಾರಡೋಸ್ ತನ್ನ ದೈಹಿಕ ಬಲದಿಂದಲೇ ನೀರಿನ ದಾಳಿ ಮಾಡುವಂತಾಯಿತು.

ಎರಡನೆಯದು ಪರಿಸರ. ಅದೇ ನಾಲ್ಕನೇ ತಲೆಮಾರು ‘ಸ್ಟೆಲ್ತ್ ರಾಕ್’ ಎಂಬ ಮೂವ್ ತಂದಿತು. ಎದುರಾಳಿಯ ನೆಲದಲ್ಲಿ ಒಮ್ಮೆ ಕಲ್ಲು ಹರಡಿದರೆ, ಕಣಕ್ಕೆ ಬರುವ ಪ್ರತಿ ಜೀವಿಗೂ ಪೆಟ್ಟು. ಕಲ್ಲಿನ ಜಾತಿಗೆ ಸಾಮಾನ್ಯವಾಗಿರುವವಕ್ಕೆ ಎಚ್‌ಪಿಯ ಎಂಟನೇ ಒಂದು ಭಾಗ, ಎರಡು ಪಟ್ಟು ದುರ್ಬಲವಾದವಕ್ಕೆ ಕಾಲು ಭಾಗ, ನಾಲ್ಕು ಪಟ್ಟು ದುರ್ಬಲವಾದವಕ್ಕೆ ಅರ್ಧ. ಬೆಂಕಿ ಮತ್ತು ಹಾರುವ ಜಾತಿಗಳೆರಡೂ ಕೂಡಿದ ಚಾರಿಜಾರ್ಡ್ ಕಣಕ್ಕೆ ಬಂದ ಕ್ಷಣವೇ ಅರ್ಧ ಜೀವ ಕಳೆದುಕೊಳ್ಳುತ್ತಿತ್ತು. ಅದರ ಮೂಲಾಂಕಗಳಲ್ಲಿ ದೋಷವಿರಲಿಲ್ಲ, ಸುತ್ತಲಿನ ನೆಲ ಬದಲಾಗಿತ್ತು. ಐದನೇ ತಲೆಮಾರಿನಲ್ಲಿ ಎನ್‌ಯುವರೆಗೆ ಕುಸಿದ ಅದು 2013ರಲ್ಲಿ ಮೆಗಾ ರೂಪಗಳು ಬಂದಾಗ ಓಯುಗೆ ಏರಿತು. 2019ರಲ್ಲಿ ‘ಹೆವಿ ಡ್ಯೂಟಿ ಬೂಟ್ಸ್’ ಎಂಬ ಐಟಂ ಬಂದು ಕಲ್ಲಿನ ಪೆಟ್ಟನ್ನೇ ಇಲ್ಲವಾಗಿಸಿದ ಮೇಲೆ ಇಂಥ ಜೀವಿಗಳೆಲ್ಲ ಮರುಪರೀಕ್ಷೆಗೆ ಅರ್ಹವಾದವು.

ಮೂರನೆಯದು ಪೈಪೋಟಿ. ಒಂದು ಜೀವಿ ಚೆನ್ನಾಗಿಯೇ ಇರಬಹುದು, ಅದೇ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವ ಇನ್ನೊಂದು ಇದ್ದರೆ ಆರು ಸ್ಥಾನಗಳ ತಂಡದಲ್ಲಿ ಅದಕ್ಕೆ ಜಾಗ ಸಿಗದು. ವ್ಯತ್ಯಾಸ ಎಷ್ಟು ಚಿಕ್ಕದಾದರೂ ಸಾಕು. ನೂರನೇ ಮಟ್ಟದಲ್ಲಿ ಪೂರ್ಣ ತರಬೇತಿ ಮತ್ತು ಅನುಕೂಲ ಸ್ವಭಾವದೊಂದಿಗೆ, ವೇಗದ ಮೂಲಾಂಕ 100 ಇರುವ ಜೀವಿಯ ವೇಗ 328. ಮೂಲಾಂಕ 102 ಇರುವ ಗಾರ್ಚಾಂಪ್‌ನದು 333. ಐದೇ ಅಂಕದ ಅಂತರ. ಆದರೆ ಯಾರು ಮೊದಲು ಹೊಡೆಯುತ್ತಾರೆ ಎಂಬುದನ್ನು ಆ ಐದು ಅಂಕ ಪ್ರತಿ ಸಲವೂ ತೀರ್ಮಾನಿಸುತ್ತದೆ.

ನಾಲ್ಕನೆಯದು ಅಜ್ಞಾನ, ಅಂದರೆ ಜೀವಿಯ ಗುಣ ಯಾರ ಕಣ್ಣಿಗೂ ಬೀಳದೇ ಇರುವುದು. ಮೊದಲ ಮೂರು ಕಾರಣಗಳಿಂದ ಮೂಲೆ ಸೇರಿದವನ್ನು ಪರೀಕ್ಷೆ ಎತ್ತಲಾರದು. ನಿಯಮವೋ ನೆಲವೋ ಬದಲಾಗಬೇಕು. ಪರೀಕ್ಷೆ ನೇರವಾಗಿ ನೆರವಾಗುವುದು ಈ ನಾಲ್ಕನೆಯದಕ್ಕೆ.

ಪರೀಕ್ಷೆಯ ದಾರಿ

ಅನುಭವಿ ಪರೀಕ್ಷಕರು ಕಣಕ್ಕೆ ಇಳಿಯುವ ಮೊದಲು ಕಾಗದದ ಮೇಲೆ ಕೆಲಸ ಮಾಡುತ್ತಾರೆ. ಈ ಆಟದ ಪೆಟ್ಟು ಸೂತ್ರಬದ್ಧ. ದಾಳಿ, ರಕ್ಷಣೆ, ಮೂವ್‌ನ ಶಕ್ತಿ, ಜಾತಿಯ ಗುಣಕ ಎಲ್ಲ ಸೇರಿ ಬಂದ ಫಲವನ್ನು ಕೊನೆಗೆ 85ರಿಂದ 100ರವರೆಗಿನ 16 ಸಮಾನ ಸಾಧ್ಯತೆಯ ಪ್ರತಿಶತಗಳಲ್ಲಿ ಒಂದರಿಂದ ಗುಣಿಸಲಾಗುತ್ತದೆ. ಹಾಗಾಗಿ ‘ಈ ಜೀವಿ ಆ ಪೆಟ್ಟನ್ನು ತಡೆದುಕೊಳ್ಳುತ್ತದೆಯೇ’ ಎಂಬ ಪ್ರಶ್ನೆಗೆ ಹೌದು, ಇಲ್ಲ, ಅಥವಾ ಹದಿನಾರರಲ್ಲಿ ಇಷ್ಟು ಸಲ ಎಂಬ ಖಚಿತ ಉತ್ತರವಿದೆ. ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ಎಂಬ ಸಾಧನ ಇದನ್ನು ಕ್ಷಣದಲ್ಲಿ ಹೇಳುತ್ತದೆ. ಕಣದ ಹತ್ತು ಪ್ರಬಲ ಜೀವಿಗಳ ಎದುರು ಈ ಲೆಕ್ಕ ಮಾಡಿದರೆ, ಅರ್ಧಕ್ಕರ್ಧ ಕಲ್ಪನೆಗಳು ಒಂದು ಪಂದ್ಯವನ್ನೂ ಆಡುವ ಮುನ್ನವೇ ಬಿದ್ದುಹೋಗುತ್ತವೆ.

ಲೆಕ್ಕದ ಜೊತೆ ಆಟದ ಒಳಯಂತ್ರವೂ ಗೊತ್ತಿರಬೇಕು. ಮೊದಲ ತಲೆಮಾರಿನ ಆಟಗಳಲ್ಲಿ ಕ್ರಿಟಿಕಲ್ ಹೊಡೆತದ, ಅಂದರೆ ಮಾಮೂಲಿಗಿಂತ ಜೋರಾಗಿ ಬೀಳುವ ಪೆಟ್ಟಿನ ಸಾಧ್ಯತೆ ಜೀವಿಯ ವೇಗದ ಮೂಲಾಂಕವನ್ನು ಅವಲಂಬಿಸಿತ್ತು. ‘ಸ್ಲ್ಯಾಶ್’ನಂಥ ಮೂವ್‌ಗೆ ಆ ಸಾಧ್ಯತೆ ಎಂಟು ಪಟ್ಟು. ವೇಗ 115ರ ಪರ್ಷಿಯನ್ ಸ್ಲ್ಯಾಶ್ ಹೊಡೆದರೆ 256ರಲ್ಲಿ 255 ಸಲ ಕ್ರಿಟಿಕಲ್. ವೇಗ 60 ಮಾತ್ರ ಇರುವ, ಯಾರೂ ಲೆಕ್ಕಕ್ಕೆ ಹಿಡಿಯದ ಫಾರ್ಫೆಚ್ಡ್‌ಗೂ 256ರಲ್ಲಿ 240 ಸಲ. ಇಷ್ಟು ತಿಳಿದವನಿಗೆ ‘ಸ್ವೋರ್ಡ್ಸ್ ಡ್ಯಾನ್ಸ್’ನಿಂದ ದಾಳಿಯನ್ನು ಇಮ್ಮಡಿಸಿ ಆಮೇಲೆ ಸ್ಲ್ಯಾಶ್ ಹೊಡೆಯುವ ಆಸೆ ಹುಟ್ಟುವುದು ಸಹಜ. ಆದರೆ ಆ ತಲೆಮಾರಿನಲ್ಲಿ ಕ್ರಿಟಿಕಲ್ ಹೊಡೆತ ಹೆಚ್ಚಿಸಿಕೊಂಡ ದಾಳಿಯನ್ನು ಪರಿಗಣಿಸುವುದೇ ಇಲ್ಲ. ಬಿಡಿಬಿಡಿಯಾಗಿ ಒಳ್ಳೆಯದಾದ ಎರಡು ಗುಣಗಳು ಕೂಡಿದಾಗ ಒಂದು ವ್ಯರ್ಥವಾಗುತ್ತದೆ.

ಲೆಕ್ಕದ ನಂತರ ಆಟ. ಇಲ್ಲಿ ಹೊಸಬರು ಎಡವುವುದು ತಂಡ ಕಟ್ಟುವಲ್ಲಿ. ಬಳಕೆಯಲ್ಲಿರುವ ಒಂದು ಗಟ್ಟಿ ತಂಡದಿಂದ ಒಂದನ್ನು ತೆಗೆದು ಪರೀಕ್ಷಾರ್ಥಿಯನ್ನು ತುರುಕಿ, ಸೋತರೆ ಅದನ್ನು ದೂರುತ್ತಾರೆ. ಆ ತಂಡ ಬೇರೆ ಜೀವಿಗಾಗಿ ಕಟ್ಟಿದ್ದು. ಪರೀಕ್ಷಾರ್ಥಿಗೆ ಅದರ ಕೆಲಸಕ್ಕೆ ಹೊಂದುವ ಐವರು ಜೊತೆಗಾರರು ಬೇಕು. ಮೊದಲು ಅಂಥ ತಂಡ ಕಟ್ಟಿ, ಬಳಿಕ ಅದೇ ತಂಡದಲ್ಲಿ ಪರೀಕ್ಷಾರ್ಥಿಯ ಬದಲು ಆ ಕೆಲಸದ ಮಾಮೂಲಿ ಅಭ್ಯರ್ಥಿಯನ್ನು ಇಟ್ಟು ಆಡಿ ಹೋಲಿಸಬೇಕು. ಆಗ ಮಾತ್ರ ವ್ಯತ್ಯಾಸ ಯಾವುದರಿಂದ ಬಂತೆಂದು ಹೇಳಬಹುದು.

ಮೂರನೆಯದು ದಾಖಲೆ. ಶೋಡೌನ್‌ನಲ್ಲಿ ಪ್ರತಿ ಪಂದ್ಯದ ಮರುಪ್ರದರ್ಶನವನ್ನು ಉಳಿಸಿಡಬಹುದು. ‘ಚೆನ್ನಾಗಿ ಆಡಿತು’ ಎಂಬ ಮಾತಿಗಿಂತ ಯಾವ ಸರದಿಯಲ್ಲಿ ಏನು ಮಾಡಿತು ಎಂಬ ದಾಖಲೆಯ ಬೆಲೆ ಹೆಚ್ಚು. ಉಬರ್ಸ್‌ಗೆ ತಳ್ಳಬೇಕೇ ಎಂದು ಒಂದು ಜೀವಿಯನ್ನು ವಿಚಾರಣೆಗೆ ಒಳಪಡಿಸುವಾಗ ಸ್ಮೋಗನ್ ಇಂಥದೇ ಶಿಸ್ತನ್ನು ಕಡ್ಡಾಯ ಮಾಡಿದೆ. ‘ಸಸ್ಪೆಕ್ಟ್ ಟೆಸ್ಟ್’ ಎಂಬ ಆ ಪ್ರಕ್ರಿಯೆಯಲ್ಲಿ ನಿಗದಿತ ಮಟ್ಟ ಮುಟ್ಟುವಂತೆ ಆಡಿ ತೋರಿಸಿದವರಿಗೆ ಮಾತ್ರ ಮತದ ಹಕ್ಕು, ನಿಷೇಧಕ್ಕೆ ಸಾಮಾನ್ಯವಾಗಿ 60 ಪ್ರತಿಶತ ಮತ ಬೇಕು. ಅತಿ ಬಲದ ಆರೋಪಕ್ಕೆ ಇಷ್ಟು ಜಾಗರೂಕತೆ ತೋರುವ ಸಮುದಾಯದಲ್ಲಿ ದೌರ್ಬಲ್ಯದ ಆರೋಪಕ್ಕೆ ಮಾತ್ರ ವಿಚಾರಣೆಯಿಲ್ಲ. ಅಲ್ಲಿ ಮೌನವೇ ತೀರ್ಪು. ನನಗೆ ಇದು ಸರಿಯೆನಿಸುವುದಿಲ್ಲ.

ಗೆದ್ದು ಬಂದವು

ಈ ಚರ್ಚೆಯಲ್ಲಿ ಎಲ್ಲರೂ ನೆನೆಯುವ ಪ್ರಸಂಗ 2014ರ ಆಗಸ್ಟ್‌ನದು. ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಕೊರಿಯಾದ ಪಾರ್ಕ್ ಸೆ ಜುನ್ ಗೆದ್ದರು. ಅವರ ತಂಡದಲ್ಲಿ ಬಿಳಿ ಮೈಯ, ನೀಲಿ ಪಟ್ಟೆಯ ಅಳಿಲು ಪಚಿರಿಸು ಇತ್ತು. ಅಧಿಕೃತ ಸ್ಪರ್ಧೆಗಳ ಆಟ ಡಬಲ್ಸ್: ಆರರ ತಂಡದಿಂದ ನಾಲ್ಕನ್ನು ಆರಿಸಿ, ಎರಡೆರಡಾಗಿ ಕಣಕ್ಕಿಳಿಸಬೇಕು. ಪಚಿರಿಸುವಿನ ದಾಳಿಯ ಮೂಲಾಂಕ ಬರೀ 45. ಪಾರ್ಕ್ ಅದನ್ನು ದಾಳಿಗೆಂದು ತಂದಿರಲಿಲ್ಲ; ತರಬೇತಿಯ ಅಂಕಗಳನ್ನು ತಾಳಿಕೆಗೆ ಹೂಡಿದ್ದರು.

ಆ ಆಯ್ಕೆಯ ಹಿಂದಿನ ತರ್ಕ ಗಮನಿಸಬೇಕಾದದ್ದು. ತಂಡದ ಮುಖ್ಯ ಆಸರೆ ಗ್ಯಾರಡೋಸ್, ನೀರು ಮತ್ತು ಹಾರುವ ಜಾತಿಯದು, ವಿದ್ಯುತ್ತಿಗೆ ನಾಲ್ಕು ಪಟ್ಟು ದುರ್ಬಲ. ಪಚಿರಿಸುವಿನ ‘ಫಾಲೋ ಮಿ’ ಎದುರಾಳಿಗಳ ಹೊಡೆತವನ್ನು ತನ್ನತ್ತ ಸೆಳೆಯುತ್ತದೆ. ಅದರ ‘ವೋಲ್ಟ್ ಅಬ್ಸಾರ್ಬ್’ ಎಂಬ ಹುಟ್ಟುಗುಣ ವಿದ್ಯುತ್ ಹೊಡೆತವನ್ನು ನುಂಗಿ ಎಚ್‌ಪಿಯಾಗಿ ಮಾರ್ಪಡಿಸಿಕೊಳ್ಳುತ್ತದೆ. ‘ಸೂಪರ್ ಫ್ಯಾಂಗ್’ ಎದುರಾಳಿಯ ಉಳಿದ ಎಚ್‌ಪಿಯಲ್ಲಿ ಅರ್ಧವನ್ನು ಕಳೆಯುತ್ತದೆ, ಅದಕ್ಕೆ ದಾಳಿಯ ಮೂಲಾಂಕವೇ ಬೇಡ. ‘ನಜಲ್’ ತಗುಲಿದರೆ ಲಕ್ವ ಖಚಿತ. ಹೊಡೆತ ಸೆಳೆಯುವ ಕೆಲಸಕ್ಕೆ ಆಗ ಜನಪ್ರಿಯವಾಗಿದ್ದುದು ಅಣಬೆಯಂಥ ಅಮೂಂಗಸ್. ಆದರೆ ಅದರ ‘ರೇಜ್ ಪೌಡರ್’ ಪುಡಿಯ ಮೂವ್. 2013ರಿಂದ ಹುಲ್ಲಿನ ಜಾತಿಯವಕ್ಕೆ ಪುಡಿ ತಾಗದು. ಫಾಲೋ ಮಿಗೆ ಅಂಥ ಅಡ್ಡಿಯಿಲ್ಲ. ಆ ವರ್ಷದ ನಿಯಮದಲ್ಲಿ ಕಲೋಸ್ ಪ್ರಾಂತ್ಯದ ಜೀವಿಗಳಿಗಷ್ಟೇ ಅವಕಾಶವಿದ್ದುದರಿಂದ ಬೇರೆ ಅಭ್ಯರ್ಥಿಗಳೂ ಕಡಿಮೆ. ಈ ಎಲ್ಲ ಷರತ್ತುಗಳನ್ನು ಒಟ್ಟಿಗೆ ಪೂರೈಸುವ ಜೀವಿಯನ್ನು ಹುಡುಕಿದರೆ ದಾರಿ ಪಚಿರಿಸುವಿನ ಬಳಿಗೇ ಹೋಗುತ್ತದೆ. ಅಭಿಮಾನದ ಆಯ್ಕೆಯಂತೆ ಕಾಣುವ ಇದರ ಹಿಂದೆ ಇದ್ದದ್ದು ಬಿಗಿಯಾದ ವಿವೇಚನೆ.

ಎರಡು ವರ್ಷಗಳ ನಂತರ, 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ವುಲ್ಫ್ ಗ್ಲಿಕ್ ವಿಶ್ವ ಚಾಂಪಿಯನ್ ಆದಾಗ ಅವರ ತಂಡದಲ್ಲಿ ಕ್ಯೋಗರ್, ರೇಕ್ವಾಜಾದಂಥ ದೈತ್ಯರ ಪಕ್ಕದಲ್ಲಿ ರೈಚು ಇತ್ತು. ಅದರ ‘ಲೈಟ್ನಿಂಗ್ ರಾಡ್’ ವಿದ್ಯುತ್ ಹೊಡೆತವನ್ನು ತನ್ನತ್ತ ಎಳೆದು, ನೀರಿನ ಜಾತಿಯ ಕ್ಯೋಗರ್‌ಗೆ ಕಾವಲಾಗುತ್ತದೆ. ದೈತ್ಯನ ಒಂದು ದೌರ್ಬಲ್ಯಕ್ಕೆ ಸಣ್ಣವನೊಬ್ಬ ಗುರಾಣಿಯಾಗುವ ತರ್ಕ ಎರಡೂ ತಂಡಗಳಲ್ಲಿ ಒಂದೇ.

ಸಿಂಗಲ್ಸ್‌ನಲ್ಲೂ ಉದಾಹರಣೆಗಳಿಗೆ ಬರವಿಲ್ಲ. ಡಿಟ್ಟೊವಿನ ಆರೂ ಮೂಲಾಂಕಗಳು 48. ಐದನೇ ತಲೆಮಾರು ಅದಕ್ಕೆ ‘ಇಂಪೋಸ್ಟರ್’ ಎಂಬ ಹುಟ್ಟುಗುಣ ಕೊಟ್ಟಿತು. ಕಣಕ್ಕೆ ಬಂದೊಡನೆ ಎದುರಾಳಿಯ ರೂಪ ತಾಳಿ, ಅದು ಹೆಚ್ಚಿಸಿಕೊಂಡ ಬಲವನ್ನೂ ನಕಲು ಮಾಡುತ್ತದೆ. ಕೈಯಲ್ಲಿ ‘ಚಾಯ್ಸ್ ಸ್ಕಾರ್ಫ್’ ಇದ್ದರೆ ಮೂಲಕ್ಕಿಂತ ಒಂದೂವರೆ ಪಟ್ಟು ವೇಗ. ಎದುರಾಳಿ ಎಷ್ಟು ಬಲಿಷ್ಠವೋ ಡಿಟ್ಟೊ ಅಷ್ಟು ಬಲಿಷ್ಠ. ಅಜುಮರಿಲ್‌ನ ದಾಳಿ 50 ಮಾತ್ರ. ‘ಹ್ಯೂಜ್ ಪವರ್’ ಅದನ್ನು ಇಮ್ಮಡಿಸುತ್ತದೆ. ಆರನೇ ತಲೆಮಾರಿನಲ್ಲಿ ದಾಳಿಯನ್ನು ಪರಮಾವಧಿಗೆ ಏರಿಸುವ ‘ಬೆಲ್ಲಿ ಡ್ರಮ್’ ಮತ್ತು ಮೊದಲು ಹೊಡೆಯುವ ‘ಆಕ್ವಾ ಜೆಟ್’ ಒಟ್ಟಿಗೆ ಇಟ್ಟುಕೊಳ್ಳುವ ಅವಕಾಶ ಸಿಕ್ಕಾಗ ಅದು ಕಣದ ಭಯವಾಯಿತು. ವೇಗ 5, ದಾಳಿ 10ರ ಶಕಲ್, ಎರಡೂ ರಕ್ಷಣೆಗಳ 230ರ ಬಲದಿಂದ ನಿಂತು ಎದುರಾಳಿಗಳ ವೇಗ ತಗ್ಗಿಸುವ ‘ಸ್ಟಿಕಿ ವೆಬ್’ ಹರಡುವ ಕೆಲಸಕ್ಕೆ ಹೇಳಿ ಮಾಡಿಸಿದ್ದಾಯಿತು.

ಪೆಲಿಪರ್‌ನದು ಇನ್ನೊಂದು ಪಾಠ. 2016ರ ಏಳನೇ ತಲೆಮಾರಿನಲ್ಲಿ ಮಳೆ ತರಿಸುವ ‘ಡ್ರಿಜಲ್’ ಸಿಕ್ಕಾಗ ಈ ಹೆಜ್ಜಾರ್ಲೆಯಂಥ ಹಕ್ಕಿ ಓಯುಗೆ ಏರಿತು. ಆದರೆ ಪೊಲಿಟೋಡ್ ಎಂಬ ಇನ್ನೊಂದು ಜೀವಿಗೆ ಅದೇ ಗುಣ ಐದನೇ ತಲೆಮಾರಿನಿಂದಲೂ ಇತ್ತು. ಪೆಲಿಪರ್ ಮೇಲುಗೈ ಪಡೆದದ್ದು ‘ಯು ಟರ್ನ್’ನಿಂದ, ಅಂದರೆ ಹೊಡೆದು ಹಿಂದೆ ಸರಿದು ಮಳೆಯಲ್ಲಿ ಚುರುಕಾಗುವ ಜೊತೆಗಾರನನ್ನು ಒಳಗೆ ಬಿಡುವ ಸೌಲಭ್ಯದಿಂದ, ಜೊತೆಗೆ ‘ರೂಸ್ಟ್’ನಿಂದ ಚೇತರಿಸಿಕೊಳ್ಳುವ ಶಕ್ತಿಯಿಂದ. ಮುಖ್ಯ ಗುಣ ಒಂದೇ ಆದಾಗ ಗೆಲುವನ್ನು ನಿರ್ಧರಿಸಿದ್ದು ಉಳಿದ ಮೂವ್‌ಗಳು.

ಸೋತು ತಿಳಿಸಿದವು

ಗೆದ್ದವರ ಕಥೆಯನ್ನಷ್ಟೇ ಹೇಳಿದರೆ ಸಮೀಕ್ಷೆ ಅಪೂರ್ಣ. ಫ್ಲೇರಿಯಾನ್ ವಿಷಯದಲ್ಲಿ ಅಭಿಮಾನಿಗಳ ವಾದ ಸ್ಪಷ್ಟವಾಗಿತ್ತು: ಬಲವಾದ ದೈಹಿಕ ಬೆಂಕಿ ಮೂವ್ ಒಂದು ಸಿಕ್ಕರೆ ಸಾಕು, ಅದು ಮೇಲೇಳುತ್ತದೆ. 2013ರಲ್ಲಿ ‘ಫ್ಲೇರ್ ಬ್ಲಿಟ್ಜ್’ ಸಿಕ್ಕಿತು. ಫ್ಲೇರಿಯಾನ್ ಕೆಳಗಿನ ಶ್ರೇಣಿಗಳಲ್ಲೇ ಉಳಿಯಿತು. ವೇಗ 65, ಕಲ್ಲಿನ ಪೆಟ್ಟು, ಹೊಡೆದಾಗಲೆಲ್ಲ ತನಗೇ ತಗಲುವ ನೋವು ಇವೆಲ್ಲ ಹಾಗೇ ಇದ್ದವು. ಎಲ್ಲರೂ ಬೆರಳು ತೋರಿಸುತ್ತಿದ್ದ ಕೊರತೆ ನೀಗಿದ ಮೇಲೆ ನಿಜವಾದ ಕೊರತೆ ಕಂಡಿತು. ಇಂಥ ಸೋಲು ಗೆಲುವಿನಷ್ಟೇ ಅಮೂಲ್ಯವಾದ ತಿಳಿವಳಿಕೆ.

ಮೂಲಾಂಕದ ಮೊತ್ತ 336, ಬಳಿಯಿರುವುದು ‘ಹಿಡನ್ ಪವರ್’ ಎಂಬ ಒಂದೇ ಮೂವ್. ಇಂಥ ಅನೌನ್‌ನ ವಿಷಯದಲ್ಲಿ ಪರೀಕ್ಷೆ ಬೇಗ ಮುಗಿಯುತ್ತದೆ. ಅದನ್ನು ಸ್ಪರ್ಧೆಗೆಂದು ರೂಪಿಸಿದ್ದೇ ಅಲ್ಲ. ಹಾಗೆ ಹೇಳಿಬಿಡುವುದು ಆ ಜೀವಿಗೆ ಮಾಡುವ ಅವಮಾನವಲ್ಲ.

ಅಂಕಿಗಳ ಬಲೆ, ಅಚ್ಚರಿಯ ಬೆಲೆ

ಪರೀಕ್ಷೆಯ ಫಲವನ್ನು ಓದುವಲ್ಲಿ ತಪ್ಪುಗಳು ಹೆಚ್ಚು. ನೂರು ಪಂದ್ಯಗಳಲ್ಲಿ 55 ಗೆಲುವು ಎಂದರೆ ಯಶಸ್ಸಿನಂತೆ ಕೇಳಿಸುತ್ತದೆ. ನಾಣ್ಯವನ್ನು ನೂರು ಸಲ ಚಿಮ್ಮಿದರೂ 55 ಅಥವಾ ಹೆಚ್ಚು ಸಲ ಮೊದಲೇ ಆರಿಸಿದ ಮುಖ ಬೀಳುವ ಸಾಧ್ಯತೆ ಸುಮಾರು 18 ಪ್ರತಿಶತ. 50 ಪ್ರತಿಶತಕ್ಕೂ 52 ಪ್ರತಿಶತಕ್ಕೂ ನಡುವಿನ ವ್ಯತ್ಯಾಸವನ್ನು ನಂಬಿಕೆಯಿಂದ ಹೇಳಬೇಕಾದರೆ 2,400ರಷ್ಟು ಪಂದ್ಯಗಳು ಬೇಕು. ಒಬ್ಬನಿಂದ ಆಗದ ಈ ಕೆಲಸ ಸಮುದಾಯದಿಂದ ಆಗುತ್ತದೆ. ಒಂದು ಜೀವಿಯನ್ನು ಆರಿಸಿ ಅನೇಕರು ಒಂದು ಅವಧಿಯವರೆಗೆ ಆಡಿ ವರದಿ ಮಾಡುವ ಪದ್ಧತಿಯ ಹಿರಿಮೆ ಇಲ್ಲಿದೆ.

ಗೆಲುವಿನ ಪ್ರಮಾಣವೇ ಮೋಸ ಮಾಡುವುದೂ ಉಂಟು. ಶೋಡೌನ್‌ನ ಶ್ರೇಯಾಂಕ ಪಟ್ಟಿಯಾದ ಲ್ಯಾಡರ್‌ನಲ್ಲಿ ಸಮಾನ ರೇಟಿಂಗ್‌ನವರನ್ನೇ ಎದುರು ಬದುರು ನಿಲ್ಲಿಸುವುದರಿಂದ ಯಾರ ಗೆಲುವೂ ಕಾಲಕ್ರಮದಲ್ಲಿ 50 ಪ್ರತಿಶತದ ಹತ್ತಿರ ಬರುತ್ತದೆ. ತಂಡ ಯಾವ ರೇಟಿಂಗ್‌ನಲ್ಲಿ ನಿಲ್ಲುತ್ತದೆ ಎಂಬುದು ಹೆಚ್ಚು ಅರ್ಥಪೂರ್ಣ. ಇನ್ನು, ಅಪರೂಪದ ಜೀವಿಯನ್ನು ಆಡಿಸುವವರು ಯಾರು ಎಂಬುದೂ ಮುಖ್ಯ. ಅವರು ಹೊಸಬರಾದರೆ ಜೀವಿ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ, ನುರಿತವರಾದರೆ ಇರುವುದಕ್ಕಿಂತ ಬಲಿಷ್ಠವಾಗಿ. ಪಾರ್ಕ್ ಕೈಯಲ್ಲಿ ಗೆದ್ದ ಪಚಿರಿಸು ಎಲ್ಲರ ಕೈಯಲ್ಲೂ ಗೆಲ್ಲಲಿಲ್ಲ ಎಂಬುದನ್ನು ಅದರ ಅಭಿಮಾನಿಗಳೂ ಒಪ್ಪಬೇಕು.

ಅಚ್ಚರಿಯನ್ನೂ ಬಲದಿಂದ ಬೇರ್ಪಡಿಸಬೇಕು. ಒಂದನೇ ಮಟ್ಟದ ರ‍್ಯಾಟಾಟಾಗೆ ‘ಫೋಕಸ್ ಸ್ಯಾಶ್’ ಕೊಟ್ಟರೆ ಅದು ಒಂದು ಹೊಡೆತವನ್ನು ಒಂದೇ ಎಚ್‌ಪಿಯಲ್ಲಿ ತಾಳಿ, ‘ಎಂಡೆವರ್’ನಿಂದ ಎದುರಾಳಿಯನ್ನೂ ಅದೇ ಸ್ಥಿತಿಗೆ ಇಳಿಸಿ, ‘ಕ್ವಿಕ್ ಅಟ್ಯಾಕ್’ನಿಂದ ಮುಗಿಸುತ್ತದೆ. ತಿಳಿಯದವನ ಎದುರು ಅದು ಭೀಕರ. ಬಲ್ಲವನ ಎದುರು, ಅಥವಾ ನೆಲದಲ್ಲಿ ಸ್ಟೆಲ್ತ್ ರಾಕ್ ಹರಡಿದ್ದರೆ, ನಿರುಪಾಯ. ಐದನೇ ತಲೆಮಾರಿನಿಂದ ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ಜೀವಿಗಳು ಕಾಣುತ್ತವೆ. ಇತ್ತೀಚಿನ ಅಧಿಕೃತ ಸ್ಪರ್ಧೆಗಳಲ್ಲಿ ಮೂವ್, ಐಟಂಗಳ ವಿವರವೂ ಎದುರಾಳಿಗೆ ತೆರೆದಿರುತ್ತದೆ. ಈ ಬದಲಾವಣೆ ಕಡೆಗಣಿತ ಜೀವಿಗಳ ಪಾಲಿಗೆ ಹೊಡೆತವೆಂದು ಕೆಲವರ ವಾದ. ನನ್ನ ಮಟ್ಟಿಗೆ ಇದು ಅವುಗಳಿಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಪರೀಕ್ಷಾಂಗಣ. ಎಲ್ಲ ತಿಳಿದ ಎದುರಾಳಿಯ ಮುಂದೆಯೂ ನಿಲ್ಲುವ ಜೀವಿಯ ಬಲವನ್ನು ಇನ್ನು ಯಾರೂ ಅದೃಷ್ಟವೆಂದು ತಳ್ಳಿಹಾಕಲಾರರು.

ಪರೀಕ್ಷಕರ ಹೊಣೆ

ಇಷ್ಟೆಲ್ಲದರಿಂದ ನನಗೆ ಹೊಳೆಯುವ ಮುಖ್ಯ ಮಾತು ಇದು. ‘ಈ ಜೀವಿ ಒಳ್ಳೆಯದೇ’ ಎಂಬ ಪ್ರಶ್ನೆಯೇ ಪರೀಕ್ಷೆಗೆ ಒಗ್ಗದು. ಯಾವ ಕೆಲಸಕ್ಕೆ, ಯಾರ ಜೊತೆಯಲ್ಲಿ, ಯಾವ ನೆಲದಲ್ಲಿ, ಆ ಕೆಲಸದ ಈಗಿನ ಅತ್ಯುತ್ತಮ ಅಭ್ಯರ್ಥಿಗೆ ಆಗದ ಏನನ್ನು ಇದು ಮಾಡಬಲ್ಲದು ಎಂದು ಕೇಳಬೇಕು. ಪಚಿರಿಸು, ರೈಚು, ಪೆಲಿಪರ್, ಶಕಲ್ ಎಲ್ಲವೂ ಈ ಪ್ರಶ್ನೆಗೆ ಉತ್ತರವಾಗಿಯೇ ಗೆದ್ದವು. ಮೊತ್ತದಲ್ಲಿ ಅವು ಯಾವತ್ತೂ ಗೆಲ್ಲುತ್ತಿರಲಿಲ್ಲ.

ವರದಿ ಬರೆಯುವವರು ಕೆಲವನ್ನು ತಪ್ಪದೆ ದಾಖಲಿಸಬೇಕು: ಜೀವಿಗೆ ವಹಿಸಿದ ಕೆಲಸ, ಹೋಲಿಸಿದ ಪ್ರತಿಸ್ಪರ್ಧಿ, ಆಡಿದ ಪಂದ್ಯಗಳ ಸಂಖ್ಯೆ, ಎದುರಾಳಿಗಳ ಮಟ್ಟ, ಮತ್ತೆ ಮತ್ತೆ ಸೋತದ್ದು ಯಾವುದಕ್ಕೆ ಎಂಬುದು. ತಂಡ ಗೆದ್ದಾಗ ಆ ಜೀವಿಯೇ ಗೆಲ್ಲಿಸಿತೇ, ಉಳಿದ ಐವರು ಹೊತ್ತು ತಂದರೇ ಎಂಬುದನ್ನು ಮರುಪ್ರದರ್ಶನ ನೋಡಿ ಹೇಳಬೇಕು. ಸೋಲಿನ ವರದಿಗಳನ್ನು ಗೆಲುವಿನ ವರದಿಗಳಷ್ಟೇ ಜೋಪಾನವಾಗಿ ಕಾಯ್ದಿಡಬೇಕು. ಇಲ್ಲದಿದ್ದರೆ ಹೊಸ ತಲೆಮಾರಿನ ಆಟಗಾರರು ಅದೇ ಗೋಡೆಗೆ ಮತ್ತೆ ತಲೆ ಚಚ್ಚಿಕೊಳ್ಳುತ್ತಾರೆ. ಹೊಸ ಆಟ, ಹೊಸ ಐಟಂ, ಹೊಸ ನಿಷೇಧ ಬಂದಾಗಲೆಲ್ಲ ಆ ಹಳೆಯ ವರದಿಗಳನ್ನು ತೆರೆದು, ಸೋಲಿನ ಕಾರಣ ಈಗಲೂ ಉಳಿದಿದೆಯೇ ಎಂದು ನೋಡಬೇಕು. ಬೂಟ್ಸ್ ಬಂದಾಗ ಚಾರಿಜಾರ್ಡ್‌ನ ಹಳೆಯ ತೀರ್ಪು ಹೇಗೆ ಹಳಸಿತೋ, ಇನ್ನೆಷ್ಟೋ ತೀರ್ಪುಗಳು ಹಾಗೆಯೇ ಹಳಸಿರುತ್ತವೆ.

ಕೆಳಗಿನ ಶ್ರೇಣಿಗಳ ಬಗ್ಗೆ ನಮ್ಮ ಧೋರಣೆಯೂ ಬದಲಾಗಬೇಕು. ಎನ್‌ಯು, ಪಿಯುಗಳು ಸೋತವರ ತಂಗುದಾಣವಲ್ಲ. ಅವಕ್ಕೆ ಅವುಗಳದೇ ತಂತ್ರಗಳಿವೆ, ಅವುಗಳದೇ ಪರಿಣತರಿದ್ದಾರೆ. ಓಯುವಿನಲ್ಲಿ ಜಾಗ ಸಿಗದ ಜೀವಿಯ ಬಲವನ್ನು ಅಲ್ಲಿ ಪೂರ್ತಿಯಾಗಿ ಅರಿಯಬಹುದು. ಮೇಲಿನ ಕಣದಲ್ಲಿ ಒಂದು ದಿನ ಕೆಲಸಕ್ಕೆ ಬರುವ ಎಷ್ಟೋ ಗುಣಗಳು ಮೊದಲು ಗೊತ್ತಾಗುವುದು ಇಂಥ ಕಣಗಳಲ್ಲಿ.

ಪಟ್ಟಿಯ ಕೊನೆಯಲ್ಲಿ ನಿಂತಿರುವ ಎಲ್ಲವೂ ಪಚಿರಿಸುಗಳಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ಯಾವುದು ಅಲ್ಲ ಎಂಬುದನ್ನೂ ಆಡಿಯೇ ತಿಳಿಯಬೇಕು. ಆ ಕೆಲಸಕ್ಕೆ ತಾಳ್ಮೆಯಿಂದ ಕೂರುವವರಿಗೆ ಸಮುದಾಯ ಟೂರ್ನಿ ಗೆದ್ದವರಿಗೆ ಕೊಡುವಷ್ಟೇ ಗೌರವ ಕೊಡಬೇಕು.